ಸೂರ್ಯನ ಸುತ್ತ ನೂರೆಂಬತ್ತು ಹೆಸರು

ಮರದ ಪೆಟ್ಟಿಗೆಯನ್ನು ತೆರೆದಾಗ ಒಳಗೆ ಸಿಕ್ಕಿದ್ದು ನಾಲ್ಕಾರು ಕಲ್ಲು. ಜಪಾನಿನ ಗಿಫು ಪ್ರಾಂತ್ಯದ ಬೆಟ್ಟಗಳ ನಡುವೆ ಹಿಗಾಶಿಶಿರಾಕಾವಾ ಎಂಬ ಚಹಾ ಬೆಳೆಯುವ ಹಳ್ಳಿಯಿದೆ. ಅಲ್ಲಿನ ಒಂದು ಮನೆಗೆ, ಯುದ್ಧದಲ್ಲಿ ಸತ್ತ ಮಗನ ಅಸ್ಥಿಯ ಬದಲಿಗೆ ಸರ್ಕಾರ ಕಳಿಸಿದ್ದು ಅದನ್ನೇ. ಮಗ 1944ರಲ್ಲಿ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ತೀರಿಕೊಂಡಿದ್ದ. ಎಲ್ಲಿ ಬಿದ್ದ, ಹೇಗೆ ಸತ್ತ ಎಂದು ಹೇಳಲು ಊರಿಗೆ ಬಂದವರು ಯಾರೂ ಇರಲಿಲ್ಲ.

ಎಪ್ಪತ್ತಮೂರು ವರ್ಷಗಳ ನಂತರ, 2017ರ ಆಗಸ್ಟ್ 15ರಂದು, ಒಬ್ಬರು ಬಂದರು. ಅಮೆರಿಕದ ಮೊಂಟಾನಾ ರಾಜ್ಯದ 93 ವರ್ಷದ ಮಾಜಿ ಮೆರೀನ್ ಯೋಧ. ಸೈಪಾನಿನ ಗರಪಾನ್ ಪಟ್ಟಣದ ಅಂಚಿನಲ್ಲಿ ತನ್ನ ತುಕಡಿಯಿಂದ ಬೇರ್ಪಟ್ಟು ಒಂಟಿಯಾಗಿದ್ದಾಗ ಆತ ಒಬ್ಬ ಜಪಾನಿ ಸೈನಿಕನ ದೇಹವನ್ನು ಕಂಡಿದ್ದ. ಮೈಮೇಲೆ ಗಾಯ ಕಾಣುತ್ತಿರಲಿಲ್ಲ, ಎಡ ಮಗ್ಗುಲಾಗಿ ನಿದ್ದೆ ಹೋದಂತಿತ್ತು. ಅಂಗಿಯೊಳಗಿಂದ ಬಟ್ಟೆಯೊಂದರ ತುದಿ ಇಣುಕುತ್ತಿತ್ತು. ಎಳೆದು ನೋಡಿದರೆ ಬಾವುಟ, ಅದರ ತುಂಬ ಬರಹ. ತೆಗೆದುಕೊಂಡ. ಒಂದು ದಿನ ಇದನ್ನು ಹಿಂದಿರುಗಿಸುತ್ತೇನೆ ಎಂದು ಆ ಸತ್ತವನಿಗೇ ಮಾತು ಕೊಟ್ಟಿದ್ದಾಗಿ ಅವರು ಮುಂದೆ ಹೇಳಿಕೊಂಡರು. ಮನೆಯ ಗಾಜಿನ ಕಪಾಟಿನಲ್ಲಿ ಬಂದೂಕುಗಳ ಜೊತೆ ದಶಕಗಟ್ಟಲೆ ಇದ್ದ ಆ ಬಾವುಟವನ್ನು ಕೊನೆಗೆ ತಾವೇ ಹೊತ್ತು ತಂದು, ಸತ್ತವನ 89 ವರ್ಷದ ತಮ್ಮನ ಕೈಗಿಟ್ಟರು. ತಮ್ಮನು ಆ ಬಟ್ಟೆಯಲ್ಲಿ ಮುಖ ಹುದುಗಿಸಿ ಅದನ್ನು ಮೂಸಿದ. ಆಮೇಲೆ ಆ ಮುದಿ ಅಮೆರಿಕನ್ನನ ಕೈಗಳನ್ನು ಹಿಡಿದು ಮುತ್ತಿಟ್ಟ.

ಯುದ್ಧದಿಂದ ಮನೆಗೆ ಬಂದವರು ತಂದ ನೆನಪಿನ ವಸ್ತುಗಳ ಬಗ್ಗೆ ಬರೆಯಬೇಕೆಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಮೂಸಿದ ಗಳಿಗೆ. ಒಂದು ದೇಶದಲ್ಲಿ ಬೆಲೆ ಕಟ್ಟಿ ಹರಾಜು ಹಾಕುವ ವಸ್ತು ಇನ್ನೊಂದು ದೇಶದಲ್ಲಿ ಅಣ್ಣನ ಮೈಯಾಗಿರಬಹುದು.

ಆ ಬಾವುಟಕ್ಕೆ ಜಪಾನಿನಲ್ಲಿ ಯೊಸೆಗಾಕಿ ಹಿನೋಮಾರು ಎನ್ನುತ್ತಾರೆ. ಹಿನೋಮಾರು ಎಂದರೆ ಬಿಳಿಯ ನಡುವೆ ಕೆಂಪು ಸೂರ್ಯನಿರುವ ರಾಷ್ಟ್ರಧ್ವಜ. ಯೊಸೆಗಾಕಿ ಎಂದರೆ ಹಲವರು ಕೂಡಿ ಬರೆದದ್ದು. 1937ರಲ್ಲಿ ಚೀನಾದೊಡನೆ ಯುದ್ಧ ಶುರುವಾದ ಮೇಲೆ ಇದು ಮನೆಮನೆಯ ಪದ್ಧತಿಯಾಯಿತು. ಹುಡುಗನಿಗೆ ಸೇನೆಯ ಕರೆ ಬಂದೊಡನೆ ರೇಷ್ಮೆಯದೋ ಹತ್ತಿಯದೋ ಒಂದು ಬಾವುಟ ತರುತ್ತಿದ್ದರು. ಅಪ್ಪ, ಚಿಕ್ಕಪ್ಪ, ಶಾಲೆಯ ಮೇಷ್ಟ್ರು, ಜೊತೆಯಲ್ಲಿ ಓದಿದವರು, ಕಾರ್ಖಾನೆಯ ಗೆಳೆಯರು, ಊರಿನ ಮುಖ್ಯಸ್ಥ, ಎಲ್ಲರೂ ಕುಂಚ ಹಿಡಿದು ಸೂರ್ಯನ ಸುತ್ತ ತಮ್ಮ ತಮ್ಮ ಹೆಸರು ಬರೆಯುತ್ತಿದ್ದರು. ಹೆಸರುಗಳು ಸೂರ್ಯನಿಂದ ಹೊರಟ ಕಿರಣಗಳ ಹಾಗೆ ಅಂಚಿನವರೆಗೂ ಹರಡಿಕೊಳ್ಳುತ್ತಿದ್ದವು. ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ‘ಬುಉನ್ ಚೋಕ್ಯು’ ಎಂಬ ನಾಲ್ಕು ಚಿತ್ರಾಕ್ಷರ, ಅಂದರೆ ರಣದಲ್ಲಿ ಅದೃಷ್ಟ ಕೊನೆತನಕ ಇರಲಿ ಎಂಬ ಹಾರೈಕೆ. ಕೆಲವದರ ಮೇಲೆ ಊರ ದೇಗುಲದ ಕೆಂಪು ಮುದ್ರೆಯೂ ಬೀಳುತ್ತಿತ್ತು. ಮೂಲೆ ಹರಿಯದಂತೆ ಚರ್ಮದ ತುಂಡು ಹೊಲಿದು, ಮಡಚಿ, ಹುಡುಗ ಅದನ್ನು ಅಂಗಿಯೊಳಗೆ ಎದೆಗೆ ತಾಗಿಕೊಂಡಿರುವಂತೆ ಇಟ್ಟುಕೊಳ್ಳುತ್ತಿದ್ದ. ಹಿಗಾಶಿಶಿರಾಕಾವಾಕ್ಕೆ ಮರಳಿದ ಬಾವುಟದ ಮೇಲೆ ಇದ್ದದ್ದು 180 ಹೆಸರು. ಒಂದು ಸಣ್ಣ ಊರು ಹೆಚ್ಚುಕಡಿಮೆ ಇಡಿಯಾಗಿ ಆ ಹುಡುಗನ ಜೊತೆ ಹೊರಟಿತ್ತು.

ನಮ್ಮಲ್ಲಿ ಊರಿಗಾಗಿ ಕಾದಾಡಿ ಸತ್ತವನಿಗೆ ಊರು ಆಮೇಲೆ ವೀರಗಲ್ಲು ನಿಲ್ಲಿಸುತ್ತಿತ್ತು. ಇಲ್ಲಿ ಊರು ಮೊದಲೇ ಬರೆದುಬಿಟ್ಟಿದೆ, ಅದೂ ಸಾಯದಿರಲಿ ಎಂದು. ಅದೇ ಆಸೆಯ ಇನ್ನೊಂದು ರೂಪ ಸೆನ್ನಿನ್‌ಬರಿ, ಸಾವಿರ ಹೊಲಿಗೆಯ ಸೊಂಟಪಟ್ಟಿ. ತಾಯಿಯೋ ಅಕ್ಕನೋ ರೈಲು ನಿಲ್ದಾಣದ ಎದುರು, ಪೇಟೆಯ ಬೀದಿಯಲ್ಲಿ ನಿಂತು ಹೋಗಿಬರುವ ಹೆಂಗಸರನ್ನೆಲ್ಲ ಬೇಡುತ್ತಿದ್ದಳು: ಒಂದು ಗಂಟು ಹಾಕಿ ಹೋಗಿ, ತಾಯಿ. ಒಬ್ಬೊಬ್ಬಳದು ಒಂದೊಂದೇ ಕೆಂಪು ಗಂಟು. ಹುಲಿಯ ವರ್ಷದಲ್ಲಿ ಹುಟ್ಟಿದವಳು ಮಾತ್ರ ತನ್ನ ವಯಸ್ಸಿನಷ್ಟು ಗಂಟು ಹಾಕಬಹುದಿತ್ತು, ಏಕೆಂದರೆ ಹುಲಿ ಎಷ್ಟು ದೂರ ಹೋದರೂ ಅಷ್ಟೇ ದೂರ ನಡೆದು ಮನೆಗೆ ಮರಳುತ್ತದೆ ಎಂಬುದು ಅವರ ನಂಬಿಕೆ. ಪಟ್ಟಿಯೊಳಗೆ ಐದು ಸೆನ್ನಿನ ನಾಣ್ಯ ಹೊಲಿಯುವುದೂ ಇತ್ತು. ನಾಲ್ಕು ಸೆನ್ ಎಂಬ ಮಾತು ಜಪಾನಿ ಭಾಷೆಯಲ್ಲಿ ‘ಸಾವಿನ ಗೆರೆ’ ಎಂದೂ ಕೇಳಿಸುತ್ತದೆ, ಐದು ಅದನ್ನು ದಾಟಿದ್ದು. ಅರಿಶಿನದ ಬಟ್ಟೆಯಲ್ಲಿ ಕಾಸು ಗಂಟು ಹಾಕಿ ಮುಡಿಪು ಕಟ್ಟುವ ನಮ್ಮ ಮನೆಗಳ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಈ ಬಟ್ಟೆಗಳು ಸಾವಿರಾರು ಸಂಖ್ಯೆಯಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್ನಿನ ಅಟ್ಟಗಳಿಗೆ ಹೋದ ಬಗೆ ಬೇರೆಯೇ ಕಥೆ. 1942ರಲ್ಲಿ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಇಳಿದ ಮೆರೀನ್ ಸೈನಿಕರಿಗೆ ಬಾವುಟ ಒಂದು ನಾಣ್ಯದಂತೆ ಚಲಾವಣೆಯಾಯಿತು. ಮುಂಚೂಣಿಯಲ್ಲಿದ್ದವನ ಬಳಿ ಬಾವುಟವಿತ್ತು, ಹಡಗಿನವನ ಬಳಿ ಒಳ್ಳೆಯ ಊಟವಿತ್ತು, ವಿಮಾನದವನ ಬಳಿ ವಿಸ್ಕಿಯಿತ್ತು. ಹಗುರ, ಮಡಚಿದರೆ ಜೇಬಿಗೆ ಹಿಡಿಯುತ್ತದೆ, ಗೆದ್ದದ್ದಕ್ಕೆ ನೋಡಿದೊಡನೆ ತಿಳಿಯುವ ಸಾಕ್ಷಿ. ಬೇಡಿಕೆ ಎಷ್ಟಾಯಿತೆಂದರೆ ನೌಕಾಪಡೆಯ ನಿರ್ಮಾಣ ದಳದವರು, ‘ಸೀಬೀ’ ಎಂದು ಹೆಸರಾದವರು, ಹಾಸಿಗೆಯ ಬಟ್ಟೆ, ಪ್ಯಾರಾಚೂಟಿನ ಬಟ್ಟೆಗೆ ಕೆಂಪು ಬಳಿದು ನಕಲಿ ಬಾವುಟ ಮಾಡಿ ಮಾರತೊಡಗಿದರು. ನೆನಪಿನ ವಸ್ತುವಿನ ಆಸೆ ಶತ್ರುವಿಗೂ ಗೊತ್ತಿತ್ತು. ಅಂಥ ವಸ್ತುಗಳಿಗೆ ಸಿಡಿಮದ್ದು ಕಟ್ಟಿಟ್ಟು ಹೋಗುತ್ತಿದ್ದರು, ಬಾವುಟ ಎಳೆದ ಕೈಯೇ ಹಾರಿಹೋಗುತ್ತಿತ್ತು.

ಸೇನಾಧಿಕಾರಿಗಳಿಗೆ ಇದರಲ್ಲಿ ಬೇರೊಂದು ತಲೆನೋವು. ಜಪಾನಿ ಸೈನಿಕರು ದಿನಚರಿ ಬರೆಯುತ್ತಿದ್ದರು, ಅವರ ಸೇನೆ ಅದನ್ನು ತಡೆದಿರಲಿಲ್ಲ. ಆ ಪುಟಗಳಲ್ಲಿ ತುಕಡಿಯ ಹೆಸರು, ಸಾಗಿದ ದಾರಿ, ಹಸಿವು, ಭಯ ಎಲ್ಲವೂ ಇರುತ್ತಿದ್ದವು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಇಂಥ ಕಾಗದಗಳನ್ನು ಓದಿ ಅನುವಾದಿಸಲೆಂದೇ ದೊಡ್ಡ ಕಚೇರಿಯಿತ್ತು. ಅಲ್ಲಿ ದುಡಿದ ಅನುವಾದಕರಲ್ಲಿ ಹಲವರು ಜಪಾನಿ ಮೂಲದ ಅಮೆರಿಕನ್ನರು, ಅವರಲ್ಲಿ ಎಷ್ಟೋ ಮಂದಿಯ ಕುಟುಂಬಗಳನ್ನು ಅಮೆರಿಕ ಮುಳ್ಳುತಂತಿಯೊಳಗೆ ಕೂಡಿಹಾಕಿತ್ತು. ಸೈನಿಕರು ದಿನಚರಿಗಳನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡರೆ ಬೇಹುಗಾರಿಕೆ ಕುರುಡಾಗುತ್ತಿತ್ತು. ಹಾಗಾಗಿ ಒಪ್ಪಿಸಿದವರಿಗೆ ಅದನ್ನು ಮರಳಿ ಕೊಡುವ, ಬೇರೆ ಬಹುಮಾನ ಕೊಡುವ ಏರ್ಪಾಡುಗಳೂ ಬಂದವು. ವಸ್ತುವನ್ನು ಮನೆಗೆ ಒಯ್ಯಲು ಮೇಲಧಿಕಾರಿ ಸಹಿ ಹಾಕಿದ ಅನುಮತಿ ಪತ್ರ ಬೇಕೆಂಬ ನಿಯಮವಿತ್ತು. ಇವತ್ತಿನ ಸಂಗ್ರಾಹಕರು ‘ಬ್ರಿಂಗ್‌ಬ್ಯಾಕ್ ಪೇಪರ್’ ಎಂದು ಹುಡುಕುವುದು ಆ ಹಳದಿಗಟ್ಟಿದ ಚೀಟಿಯನ್ನೇ.

ಇನ್ನೂ ಕರಾಳವಾದದ್ದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಶತ್ರುವಿನ ದೇಹದ ಯಾವ ಭಾಗವನ್ನೂ ಸ್ಮರಣಿಕೆಯಾಗಿ ಇಟ್ಟುಕೊಳ್ಳಬಾರದೆಂದು ಅಮೆರಿಕದ ಪೆಸಿಫಿಕ್ ನೌಕಾಪಡೆ 1942ರ ಸೆಪ್ಟೆಂಬರಿನಲ್ಲೇ ಆಜ್ಞೆ ಹೊರಡಿಸಬೇಕಾಯಿತು. ಆಜ್ಞೆ ಹೊರಡಿಸಬೇಕಾಯಿತು ಎಂದರೆ ನಡೆಯುತ್ತಿದ್ದದ್ದೇನು ಎಂಬುದು ಅರ್ಥವಾಗುತ್ತದೆ. 1944ರ ಮೇ 22ರ ‘ಲೈಫ್’ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಅರಿಜೋನಾದ ಯುವತಿಯೊಬ್ಬಳು ಮೇಜಿನ ಮುಂದೆ ಕುಳಿತು ಪ್ರಿಯಕರನಿಗೆ ಕಾಗದ ಬರೆಯುತ್ತಿದ್ದಾಳೆ, ಮೇಜಿನ ಮೇಲೆ ಅವನು ಕಳಿಸಿದ ಜಪಾನಿ ಸೈನಿಕನ ತಲೆಬುರುಡೆ. ಆ ಬುರುಡೆಯ ಮೇಲೂ ಸಹಿಗಳಿದ್ದವು, ಪ್ರಿಯಕರನದು ಮತ್ತು ಅವನ 13 ಗೆಳೆಯರದು. ಅದೇ ವರ್ಷ ಸಂಸದನೊಬ್ಬ ಅಧ್ಯಕ್ಷ ರೂಸ್‌ವೆಲ್ಟರಿಗೆ ಜಪಾನಿ ಸೈನಿಕನ ತೋಳಿನ ಮೂಳೆಯಿಂದ ಮಾಡಿದ ಲಕೋಟೆ ಸೀಳುವ ಚಾಕುವನ್ನು ಉಡುಗೊರೆ ಕೊಟ್ಟ. ರೂಸ್‌ವೆಲ್ಟ್ ಅದನ್ನು ಹಿಂದಿರುಗಿಸಿ, ಮಣ್ಣು ಮಾಡುವುದು ಒಳ್ಳೆಯದೆಂದು ತಿಳಿಸಿದರು. ಬಾವುಟದ ಮೇಲೆ, ಬುರುಡೆಯ ಮೇಲೆ, ಎರಡೂ ಕಡೆ ಕೈಬರಹದ ಹೆಸರುಗಳು. ಒಂದು ಕಡೆ ಹುಡುಗನೊಬ್ಬ ಬದುಕಿ ಬರಲೆಂದು ಊರು ಬರೆದದ್ದು, ಇನ್ನೊಂದು ಕಡೆ ಅವನಂಥವನೇ ಒಬ್ಬನ ಬುರುಡೆಯ ಮೇಲೆ ಅವನಂಥವರೇ ಬರೆದದ್ದು. ಇವೆರಡನ್ನೂ ಮನಸ್ಸಿನಲ್ಲಿ ಒಟ್ಟಿಗೆ ಇಟ್ಟುಕೊಳ್ಳದೆ ಯುದ್ಧದ ವಸ್ತುಗಳ ಸಂಗ್ರಹದ ಮಾತಾಡಬಾರದು ಎಂದು ನನಗನಿಸುತ್ತದೆ.

ತಂದವನು ಸತ್ತ ಮೇಲೆ ವಸ್ತುವಿಗೆ ಎರಡನೆಯ ಬದುಕು ಶುರುವಾಗುತ್ತದೆ. ಮಕ್ಕಳು ಮನೆ ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ ಸಿಗುತ್ತದೆ. ಅಪ್ಪ ಅದರ ಬಗ್ಗೆ ಒಂದು ಮಾತೂ ಹೇಳಿರುವುದಿಲ್ಲ. ಅಲ್ಲಿಂದ ಹಳೆ ಸಾಮಾನಿನ ಸಂತೆಗೆ, ಹರಾಜಿಗೆ, ಸಂಗ್ರಾಹಕನ ಕೈಗೆ. ಸಂಗ್ರಾಹಕರೆಲ್ಲ ಹೆಣದ ಮೇಲಿನ ಕಾಸು ಆರಿಸುವವರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಲ್ಲದಿದ್ದರೆ ಇವುಗಳಲ್ಲಿ ಎಷ್ಟೋ ಕಸದ ಬುಟ್ಟಿ ಸೇರುತ್ತಿದ್ದವು. ಬಿಸಿಲಿಗೆ ರೇಷ್ಮೆ ಪುಡಿಯಾಗುತ್ತದೆ, ಒಂದೇ ಮಡಿಕೆಯಲ್ಲಿಟ್ಟರೆ ಅಲ್ಲೇ ಸೀಳುತ್ತದೆ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿಡಬೇಕು ಎಂದೆಲ್ಲ ಕಲಿತು ಕಾಪಾಡಿದವರು ಅವರೇ. ನಕಲಿಯನ್ನು ಹಿಡಿಯುವ ವಿದ್ಯೆಯೂ ಅವರದೇ. ನೂರು ಹೆಸರೂ ಒಂದೇ ಕೈಯಲ್ಲಿ ಬರೆದಂತಿದ್ದರೆ, ನೇರಳಾತೀತ ಬೆಳಕಿನಲ್ಲಿ ಬಟ್ಟೆ ನೀಲಿಯಾಗಿ ಹೊಳೆದರೆ, ಹೊಲಿಗೆಯ ದಾರ ನೈಲಾನಿನದಾಗಿದ್ದರೆ ಅನುಮಾನಿಸಬೇಕು. ವಸ್ತುವನ್ನು ಕೊಳ್ಳು, ಕಥೆಯನ್ನು ಕೊಳ್ಳಬೇಡ ಎಂಬುದು ಅವರ ವಲಯದ ಮಂತ್ರ. ಮಾರುವವರು ಕಟ್ಟುವ ಕಥೆಗೆ ಮರುಳಾಗಬಾರದೆಂಬ ಅರ್ಥದಲ್ಲಿ ಅದು ಸರಿ. ಆದರೆ ಬಾವುಟದ ವಿಷಯದಲ್ಲಿ ಕಥೆಯನ್ನು ವಸ್ತುವಿನಿಂದ ಬೇರ್ಪಡಿಸಲು ಬರುವುದಿಲ್ಲ, ಬಟ್ಟೆಯ ಮೇಲೇ ಬರೆದಿದೆ.

ಕತ್ತಿಗಳದು ಇನ್ನಷ್ಟು ಗೋಜಲು. ಜಪಾನಿ ಅಧಿಕಾರಿಗಳು ಕತ್ತಿಯನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರು. ಕೆಲವರು ಮನೆತನದ ಹಳೆಯ ಅಲಗಿಗೇ ಸೇನೆಯ ಹಿಡಿ, ಒರೆ ಹಾಕಿಸಿಕೊಂಡು ಹೊರಟಿದ್ದರು. ಹಾಗಾಗಿ ಸೈನಿಕನೊಬ್ಬ ತಂದ ಮಾಮೂಲಿ ಕಾಣುವ ಕತ್ತಿಯ ಒಳಗೆ ಶತಮಾನಗಳ ಹಿಂದಿನ ಕಮ್ಮಾರನ ಕೆಲಸ ಅಡಗಿರಬಹುದು. ಜಪಾನಿನ ರಾಷ್ಟ್ರೀಯ ನಿಧಿಯೆನಿಸಿದ್ದ ಹೊಂಜೊ ಮಸಮುನೆ ಎಂಬ ಕತ್ತಿಯನ್ನು ತೊಕುಗಾವಾ ಮನೆತನದವರು 1945ರ ಡಿಸೆಂಬರಿನಲ್ಲಿ, ಆಯುಧ ಒಪ್ಪಿಸಬೇಕೆಂಬ ಆಜ್ಞೆಗೆ ತಲೆಬಾಗಿ ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ ಕೊಟ್ಟರು. ಮರುತಿಂಗಳು ಅದು ಒಬ್ಬ ಅಮೆರಿಕನ್ ಸಾರ್ಜೆಂಟನ ಕೈಗೆ ಹೋಯಿತೆಂದು ದಾಖಲಾಯಿತು. ಹೆಸರನ್ನು ಕಿವಿಗೆ ಕೇಳಿದಂತೆ ಬರೆದುಕೊಂಡಿದ್ದರು, ಆ ಹೆಸರಿನವನು ಪತ್ತೆಯಾಗಲಿಲ್ಲ, ಕತ್ತಿಯೂ ಸಿಗಲಿಲ್ಲ. ಇದಕ್ಕೆ ಎದುರಾಗಿ ಇಂಡಿಯಾನಾದ ವೈದ್ಯ, ಔಷಧ ಕಂಪನಿಯ ಮುಖ್ಯಸ್ಥ ವಾಲ್ಟರ್ ಕಾಂಪ್ಟನ್ ಅವರನ್ನು ನೆನೆಯಬೇಕು. ಯುದ್ಧ ಮುಗಿದ ಮೇಲೆ ಅಟ್ಲಾಂಟಾದ ಅಂಗಡಿಯೊಂದರಲ್ಲಿ ಅವರು ಕೊಂಡ ಕತ್ತಿ, ಜಪಾನಿನ ಕಗೊಶಿಮಾದ ತೆರುಕುನಿ ದೇಗುಲದಿಂದ ಕಳೆದುಹೋದ, ಕುನಿಮುನೆ ಎಂಬ ಕಮ್ಮಾರ ಮಾಡಿದ ರಾಷ್ಟ್ರೀಯ ನಿಧಿ ಎಂದು ಮುಂದೆ ತಿಳಿಯಿತು. 1963ರಲ್ಲಿ ಒಂದು ಕಾಸೂ ಕೇಳದೆ ದೇಗುಲಕ್ಕೆ ಮರಳಿಸಿದರು. ಸಂಗ್ರಾಹಕನೆಂದರೆ ನನ್ನ ಕಣ್ಣಿಗೆ ಹೀಗಿರಬೇಕು: ತನ್ನ ಕೈಯಲ್ಲಿರುವುದು ಏನೆಂದು ತಿಳಿಯಲು ಬೇಕಾದಷ್ಟು ಓದಿಕೊಂಡವನು, ತಿಳಿದ ಮೇಲೆ ಅದಕ್ಕೆ ತಲೆಬಾಗುವವನು. ಕಾರ್ಖಾನೆಯಲ್ಲಿ ಮಾಡಿದ ಸೇನಾ ಕತ್ತಿಗೆ ಮಾತ್ರ ಹೀಗೆ ಮರಳುವ ದಾರಿಯೂ ಇಲ್ಲ. ಸಾಂಪ್ರದಾಯಿಕವಾಗಿ ಕಾಸಿ ಬಡಿದ ಅಲಗನ್ನಷ್ಟೇ ನೋಂದಾಯಿಸಲು ಜಪಾನಿನ ಕಾನೂನು ಬಿಡುತ್ತದೆ, ಉಳಿದದ್ದು ಆ ದೇಶದೊಳಗೆ ಕಾಲಿಡುವಂತಿಲ್ಲ.

ಕತ್ತಿಗಳಿಗೂ ನಮಗೂ ನಂಟಿದೆ. ಬರ್ಮಾ ರಣರಂಗದ ಸೇನಾನಿ ವಿಲಿಯಂ ಸ್ಲಿಮ್ ಅವರು ಸೋತ ಜಪಾನಿ ಅಧಿಕಾರಿಗಳು ತಮ್ಮ ಸೈನಿಕರ ಎದುರೇ ಕತ್ತಿ ಒಪ್ಪಿಸಬೇಕೆಂದು ಹಟ ಹಿಡಿದರು. ಜಪಾನಿ ಜನರಲ್ ಕಿಮುರಾನ ಕತ್ತಿ ಸ್ಲಿಮ್ ಅವರ ಮನೆಯ ಬೆಂಕಿಗೂಡಿನ ಮೇಲಿನ ಹಲಗೆ ಸೇರಿತು. ಸ್ಲಿಮ್ ಅವರ ಸೇನೆಯಲ್ಲಿ ಬಹುಪಾಲು ಜನ ಭಾರತೀಯರು. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ನಡೆದ ಶರಣಾಗತಿಯಲ್ಲಿ ಭಾರತೀಯ ಸೇನೆಯ ಪರವಾಗಿ ಇದ್ದವರು ಕೊಡಗಿನ ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ. ಮರುವರ್ಷ ಅವರು ಆಕ್ರಮಿತ ಜಪಾನಿಗೇ 268ನೇ ಭಾರತೀಯ ಪದಾತಿ ಬ್ರಿಗೇಡಿನ ದಂಡನಾಯಕರಾಗಿ ಹೋದರು. ಅದರಲ್ಲಿದ್ದ ತುಕಡಿಗಳಲ್ಲಿ ಒಂದು ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್, ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿ. ಬರ್ಮಾದಲ್ಲಿ ಸೇತುವೆ ಕಟ್ಟಿದ, ದಾರಿ ಕೊರೆದ ಮದ್ರಾಸ್ ಸ್ಯಾಪರ್ಸ್ ದಳದ ಮನೆ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿದೆ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿ ಬೆಳೆದ ‘ಸನ್ನಿಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಇಂಫಾಲದ ಹತ್ತಿರ, ರಕ್ತ ಹರಿದ ಗುಡ್ಡದ ಬುಡದಲ್ಲಿ, ಜಪಾನಿನ ನೆರವಿನಿಂದ 2019ರಲ್ಲಿ ಶಾಂತಿ ಸಂಗ್ರಹಾಲಯ ತೆರೆಯಿತು. ಆ ಯುದ್ಧ ಯಾರದೋ ಯುದ್ಧವಾಗಿತ್ತು ಎಂದು ನಾವು ಮರೆತಷ್ಟು ಸುಲಭವಾಗಿ ನಮ್ಮ ಮನೆಗಳ ಟ್ರಂಕುಗಳು ಮರೆತಿರಲಾರವು.

ಹಿಂದಿರುಗಿಸುವ ಕೆಲಸಕ್ಕೆ ಒಂದು ನೆಲೆ ಸಿಕ್ಕಿದ್ದು 2009ರಲ್ಲಿ, ಅಮೆರಿಕದ ಒರೆಗಾನ್ ರಾಜ್ಯದ ಆಸ್ಟೋರಿಯಾ ಎಂಬ ಸಣ್ಣ ಊರಿನಲ್ಲಿ. ರೆಕ್ಸ್ ಮತ್ತು ಕೇಕೊ ಜಿಯಾಕ್ ದಂಪತಿ ಒಬಾನ್ ಸೊಸೈಟಿ ಕಟ್ಟಿದರು. ಒಬಾನ್ ಎಂದರೆ ಸತ್ತ ಹಿರಿಯರು ಮನೆಗೆ ಬಂದುಹೋಗುವ ಜಪಾನಿ ಹಬ್ಬ, ನಮ್ಮ ಪಿತೃಪಕ್ಷದ ಹಾಗೆ. ಕೇಕೊ ಅವರ ತಾತ ಬರ್ಮಾದಲ್ಲಿ ಕಳೆದುಹೋಗಿದ್ದರು. ಅವರ ಬಾವುಟ ಕೆನಡಾದ ಸಂಗ್ರಾಹಕನೊಬ್ಬನಿಂದ 2007ರಲ್ಲಿ ಮನೆಗೆ ಬಂದಿತ್ತು. ತಮಗೆ ಆದದ್ದು ಇತರರಿಗೂ ಆಗಲೆಂದು ಹೊರಟವರು ಇದುವರೆಗೆ ನೂರಾರು ಬಾವುಟಗಳನ್ನು ಮನೆ ಮುಟ್ಟಿಸಿದ್ದಾರೆ. ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ ಸಂಗ್ರಹಾಲಯವಾಗಿ ನಿಂತಿರುವ ಲೆಕ್ಸಿಂಗ್ಟನ್ ಯುದ್ಧನೌಕೆಯಲ್ಲಿ ದಶಕಗಳ ಕಾಲ ಪ್ರದರ್ಶನಕ್ಕಿದ್ದ ಬಾವುಟವೂ 2023ರಲ್ಲಿ ಹೀಗೆ ಮರಳಿತು.

ಓದುವುದು ಸುಲಭವಲ್ಲ. ಬಾವುಟದ ಮೇಲೆ ವಿಳಾಸವಿರುವುದಿಲ್ಲ, ಎಲ್ಲರಿಗೂ ಗೊತ್ತಿದ್ದ ಊರಿನ ಹೆಸರನ್ನು ಯಾರು ಬರೆಯುತ್ತಾರೆ? ಕುಂಚದ ಓಡುಬರಹ, ಈಗ ಬಳಕೆಯಲ್ಲಿಲ್ಲದ ಹಳೆಯ ಅಕ್ಷರರೂಪ, ಬೆವರಿಗೆ ಹರಡಿದ ಮಸಿ. ಬಲಗಡೆಯಲ್ಲಿ ದೊಡ್ಡದಾಗಿ ಬರೆದ, ‘ಕುನ್’ ಎಂದು ಕೊನೆಗೊಳ್ಳುವ ಹೆಸರು ಸಾಮಾನ್ಯವಾಗಿ ಸೈನಿಕನದು. ಆಮೇಲೆ ಒಂದೇ ಸೀಮೆಯಲ್ಲಿ ಸಿಗುವ ಅಪರೂಪದ ಮನೆತನದ ಹೆಸರು, ದೇಗುಲದ ಮುದ್ರೆ, ಶಾಲೆಯದೋ ಕಾರ್ಖಾನೆಯದೋ ಉಲ್ಲೇಖ, ಇವನ್ನು ಒಂದೊಂದಾಗಿ ಪೋಣಿಸಬೇಕು. ಊರು ಗೊತ್ತಾದರೂ ಆ ಊರು ಈಗ ಆ ಹೆಸರಿನಲ್ಲಿ ಇಲ್ಲದಿರಬಹುದು. ಈ ಶತಮಾನದ ಮೊದಲ ದಶಕದ ವಿಲೀನಗಳಲ್ಲಿ ಜಪಾನಿನ 3,200ಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳು 1,700ರ ಆಸುಪಾಸಿಗೆ ಇಳಿದವು. ಹಿಗಾಶಿಶಿರಾಕಾವಾ ಉಳಿದುಕೊಂಡಿತ್ತು. ಅಲ್ಲಿ ಸಹಿ ಹಾಕಿದವರಲ್ಲೂ ಕೆಲವರು ಉಳಿದಿದ್ದರು.

ಮರಳಿಸುವುದೆಲ್ಲ ಸರಿ, ಆದರೆ ಆ ಬಾವುಟದ ಹೆಸರಿನಲ್ಲಿ ಜಪಾನಿ ಸೇನೆ ಚೀನಾದಲ್ಲಿ, ಫಿಲಿಪ್ಪೀನ್ಸಿನಲ್ಲಿ, ನಮ್ಮದೇ ಅಂಡಮಾನಿನಲ್ಲಿ ಏನು ಮಾಡಿತು ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಗೆಳೆಯರನ್ನು ಕಳೆದುಕೊಂಡ ಮುದುಕನಿಗೆ ಹಿಂದಿರುಗಿಸು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದು ಅವನಿಗೆ ಬಿಟ್ಟದ್ದು. ಅವನ ಮಕ್ಕಳಿಗೆ, ಮೊಮ್ಮಕ್ಕಳಿಗೆ, ಕೊಂಡವರಿಗೆ ಮಾತ್ರ ಹೇಳಬಲ್ಲೆ. 1929ರ ಜಿನೀವಾ ಒಪ್ಪಂದವು ರಣರಂಗದಲ್ಲಿ ಸತ್ತವರ ಮೈಮೇಲೆ ಸಿಕ್ಕ ಖಾಸಗಿ ವಸ್ತುಗಳನ್ನು ಕೂಡಿಸಿ ಎದುರು ಪಕ್ಷಕ್ಕೆ ತಲುಪಿಸಬೇಕೆಂದು ಹೇಳಿತ್ತು. ಬಂದೂಕು, ಹೆಲ್ಮೆಟ್ಟು ಸರ್ಕಾರದ್ದು, ಗೆದ್ದವನದಾಯಿತು. ನೂರೆಂಬತ್ತು ಜನ ಬರೆದುಕೊಟ್ಟ ಬಟ್ಟೆ ಖಾಸಗಿ ವಸ್ತು. ತಡವಾಗಿರುವುದಷ್ಟೇ, ಬಾಕಿ ತೀರಿಲ್ಲ. ಹೊರದೇಶಗಳಲ್ಲಿ ಸತ್ತ ಸುಮಾರು 24 ಲಕ್ಷ ಜಪಾನೀಯರಲ್ಲಿ 11 ಲಕ್ಷಕ್ಕೂ ಹೆಚ್ಚು ಮಂದಿಯ ಅಸ್ಥಿ ಈವರೆಗೂ ಮರಳಿಲ್ಲ. ಕಲ್ಲು ತುಂಬಿದ ಪೆಟ್ಟಿಗೆಗಳ ಮನೆಗಳಿಗೆ ಆ ಬಟ್ಟೆಯೊಂದೇ ದೇಹ.

ಹಾಗಾಗಿ ಬೆಳಗಾವಿಯಲ್ಲೋ ಕೊಡಗಿನಲ್ಲೋ ಬರ್ಮಾ, ಜಪಾನ್ ಕಂಡು ಬಂದ ತಾತನ ಟ್ರಂಕಿನಲ್ಲಿ ಚಿತ್ರಾಕ್ಷರ ತುಂಬಿದ ಹಳದಿ ಬಟ್ಟೆಯೋ ಕೆಂಪು ಗಂಟುಗಳ ಸೊಂಟಪಟ್ಟಿಯೋ ಸಿಕ್ಕರೆ ಒಂದೆರಡು ಕೆಲಸ ಮಾಡಿ. ನೆರಳಿನಲ್ಲಿ ಹರಡಿ ಫೋಟೊ ತೆಗೆಯಿರಿ, ಒಂದೊಂದು ಅಕ್ಷರವೂ ಕಾಣುವ ಹಾಗೆ. ತಾತ ಯಾವ ರೆಜಿಮೆಂಟಿನಲ್ಲಿದ್ದರು, ಯಾವ ಊರಿನ ಹೆಸರು ಹೇಳುತ್ತಿದ್ದರು ಎಂಬುದನ್ನು ಗೊತ್ತಿದ್ದವರು ಮನೆಯಲ್ಲಿ ಇರುವಾಗಲೇ ಬರೆದಿಡಿ. ಮೊಂಟಾನಾದ ಆ ಹಿರಿಯರು ಬಾವುಟದ ಜೊತೆ ಕೊಟ್ಟ ದೊಡ್ಡ ವಸ್ತುವೆಂದರೆ ಗರಪಾನಿನ ಅಂಚು ಎಂಬ ಆ ಎರಡು ಮಾತು. ಅಣ್ಣ ಎಲ್ಲಿ ಮಲಗಿದ್ದ ಎಂದು ತಮ್ಮನಿಗೆ ತಿಳಿದದ್ದು ಅದರಿಂದ.

ಮತ್ತೆ, ಬಟ್ಟೆ ಎಷ್ಟೇ ಕೊಳೆಯಾಗಿ ಕಂಡರೂ, ಕಂದು ಕಲೆ ಎಷ್ಟೇ ಇದ್ದರೂ, ದಯವಿಟ್ಟು ಅದನ್ನು ಒಗೆಯಬೇಡಿ.